ಕನ್ನಡ ಸಬ್‌ಟೈಟಲ್‌ನಲ್ಲಿ ‘ಬ್ಲ್ಯಾಕ್’ ಅನ್ನೋದಕ್ಕೆ ಏನು ಹಾಕಲಿ? ಸಿಕ್ಕಿಹಾಕಿಕೊಂಡಿದ್ದೇನೆ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮೂರಲ್ಲಿ ಒಂದು ಸಣ್ಣ ಸಿನಿಮಾ ಗುಂಪು ಇದೆ. ತಿಂಗಳ ಎರಡನೇ ಶನಿವಾರ ಮಹಡಿ ಮೇಲಿನ ಒಂದು ಹಾಲಿನಲ್ಲಿ ಡಾಕ್ಯುಮೆಂಟರಿ ತೋರಿಸುತ್ತೇವೆ. ಬರುವವರು ಮೂವತ್ತು ಜನ, ಮಳೆ ಬಂದರೆ ಹನ್ನೆರಡು. ಅಮೆರಿಕದವರ ಇಂಗ್ಲಿಷ್ ಕಿವಿಗೆ ಹಿಡಿಯಲ್ಲ ಅನ್ನುವವರೇ ಜಾಸ್ತಿ. ಅದಕ್ಕೆ ಕನ್ನಡ ಸಬ್‌ಟೈಟಲ್ ನಾನೇ ಕೂತು ಮಾಡುತ್ತೇನೆ.

ಈ ಸಲ ಅಮೆರಿಕದ ಬ್ಲ್ಯಾಕ್ ನಿರ್ದೇಶಕ ಮಾರ್ಲನ್ ರಿಗ್ಸ್ ಅವರ ‘ಬ್ಲ್ಯಾಕ್ ಈಸ್... ಬ್ಲ್ಯಾಕ್ ಏಂಟ್’ (ಏಂಟ್ ಅಂದರೆ ‘ಅಲ್ಲ’). 87 ನಿಮಿಷ. ರಿಗ್ಸ್ ಇದನ್ನು ಮುಗಿಸುವ ಮೊದಲೇ, 1994ರ ಏಪ್ರಿಲ್‌ನಲ್ಲಿ ಏಡ್ಸ್‌ನಿಂದ ತೀರಿಕೊಂಡರು. ವಯಸ್ಸು 37. ಜೊತೆಗಿದ್ದವರು ಪೂರ್ತಿ ಮಾಡಿದರು. ಆಸ್ಪತ್ರೆ ಹಾಸಿಗೆಯಿಂದಲೇ ಕ್ಯಾಮೆರಾ ನೋಡಿ ಮಾತಾಡುತ್ತಾರೆ ಮನುಷ್ಯ. ತನ್ನ ಜನರನ್ನೇ ಕೇಳುತ್ತಾರೆ: ‘ನಿಜವಾದ ಬ್ಲ್ಯಾಕ್’ ಯಾರು, ಯಾರಲ್ಲ ಅಂತ ತೀರ್ಮಾನ ಮಾಡೋಕೆ ನೀವ್ಯಾರು? ಬಣ್ಣ ತೆಳುವಾಗಿದ್ದವರು, ‘ಬಿಳಿಯರ ಹಾಗೆ’ ಇಂಗ್ಲಿಷ್ ಮಾತಾಡುವವರು, ಹೆಂಗಸರು, ಸಲಿಂಗಿಗಳು, ಚರ್ಚಿಗೆ ಹೋಗದವರು, ಎಲ್ಲರನ್ನೂ ಒಂದೊಂದು ಕಾರಣಕ್ಕೆ ಹೊರಗೆ ನಿಲ್ಲಿಸಿದ್ದಾರೆ ಅನ್ನೋದು ಅವರ ದೂರು.

ಸಮಸ್ಯೆ ಶೀರ್ಷಿಕೆಯಿಂದಲೇ ಶುರು. ‘ಕರಿಯ’ ಅಂದರೆ ಬೈಗುಳ. ‘ನೀಗ್ರೋ’ ನಮ್ಮ ಕಾಲದ ಪಠ್ಯಪುಸ್ತಕದಲ್ಲಿತ್ತು, ಈಗ ಬಳಸುವ ಮಾತೇ ಇಲ್ಲ. ‘ಕಪ್ಪುವರ್ಣೀಯ’ ಪೇಪರ್ ಭಾಷೆ, ಬಾಯಲ್ಲಿ ಯಾರೂ ಹೇಳಲ್ಲ. ‘ಕಪ್ಪು ಜನ’ ಅಂದರೆ ಒಂದು ಸಾಲಿಗೆ ಸರಿ, ಇನ್ನೊಂದಕ್ಕೆ ಹೊಂದಲ್ಲ. ಏನು ಮಾಡಲಿ?

ರೀಲುರಾಜ

‘ಕಪ್ಪು’ ಅಂತ ಹಾಕಿ ಮುಗಿಸಿ ಗುರು. ಜನಕ್ಕೆ ಅರ್ಥ ಆಗುತ್ತೆ.

ಒಗ್ಗರಣೆ ಡಬ್ಬಿ

ಆಗಲ್ಲ ರಾಜಣ್ಣ, ಅಲ್ಲೇ ಇರೋದು ಮಜಾ. ಈ ಸಿನಿಮಾ ನಾನು ನೋಡಿದ್ದೇನೆ. ರಿಗ್ಸ್ ಮನೆಯವರ ಬೇರು ಲೂಸಿಯಾನಾದ್ದು. ಅಲ್ಲಿಯ ಕ್ರಿಯೋಲ್ (ಆಫ್ರಿಕಾ, ಯುರೋಪಿನ ರಕ್ತ ಬೆರೆತ) ಮನೆತನಗಳಲ್ಲಿ ನಮ್ಮ ಕೊಂಕಣ ಕಡೆಯವರಿಗಿಂತ ಬೆಳ್ಳಗಿರುವವರು ಇದ್ದಾರೆ. ತೆರೆ ಮೇಲೆ ಅಂಥವರೊಬ್ಬರು ‘ನಾನು ಬ್ಲ್ಯಾಕ್’ ಅನ್ನುವಾಗ ಕೆಳಗೆ ‘ನಾನು ಕಪ್ಪು’ ಅಂತ ಬಂದರೆ ಹಾಲಿನಲ್ಲಿ ಅರ್ಧ ಜನ ನಗುತ್ತಾರೆ. ನಮಗೆ ‘ಕಪ್ಪು’ ಅಂದರೆ ಮೈಬಣ್ಣ, ಅಷ್ಟೇ. ‘ಹುಡುಗಿ ಸ್ವಲ್ಪ ಕಪ್ಪು, ಆದ್ರೂ ಲಕ್ಷಣವಾಗಿದ್ದಾಳೆ’ ಅನ್ನುತ್ತೇವಲ್ಲ, ಆ ಕಪ್ಪು. ಅವರಿಗೆ ಅದು ಚರಿತ್ರೆ, ನೆಂಟಸ್ತಿಕೆ, ಕಾನೂನು ಎಲ್ಲ ಸೇರಿದ್ದು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಎಷ್ಟೋ ರಾಜ್ಯಗಳಲ್ಲಿ, ಒಂದು ತೊಟ್ಟು ಆಫ್ರಿಕಾದ ರಕ್ತ ಇದ್ದರೂ ಬ್ಲ್ಯಾಕ್ ಅಂತ ಕಾನೂನಲ್ಲೇ ಬರೆದುಕೊಂಡ ದೇಶ ಅದು.

ನನ್ನ ಓಟು: ‘ಬ್ಲ್ಯಾಕ್’ ಅಂತಲೇ ಇಟ್ಟುಬಿಡಿ.

ರೀಲುರಾಜ

ಹಾಗಾದ್ರೆ ಸಬ್‌ಟೈಟಲ್ ಯಾಕೆ ಬೇಕು 😄

ತುಂಗಾತೀರ

@ಒಗ್ಗರಣೆ ಡಬ್ಬಿ ಅದನ್ನೇ ಯೋಚಿಸಿದ್ದೆ. ಆದರೆ ಬಣ್ಣದ ಬಗ್ಗೆಯೇ ಮಾತು ಬರುವ ಜಾಗ ಇದೆಯಲ್ಲ? ತೆಳು ಬಣ್ಣದವರಿಗೆ ಸಿಗುವ ಮರ್ಯಾದೆ, ಗಾಢ ಬಣ್ಣದ ಮಕ್ಕಳಿಗೆ ಸ್ವಂತ ಮನೆಯಲ್ಲೇ ಬೀಳುವ ಮಾತು. ಅಲ್ಲಿ ‘ಕಪ್ಪು’ ಅಂತ ಹಾಕದೆ ಗತಿಯಿಲ್ಲ. ಅಂದರೆ ಒಂದೇ ಇಂಗ್ಲಿಷ್ ಪದಕ್ಕೆ ಎರಡು ಕನ್ನಡ. ನೋಡುವವರಿಗೆ ಅದು ಒಂದೇ ಪದ ಅಂತ ಗೊತ್ತೇ ಆಗಲ್ಲ, ಸಿನಿಮಾದ ಜೀವವೇ ಅದು.

ಬೇ ಏರಿಯಾ ಬಸವ

ನಾನು ಬರ್ಕ್ಲಿ ಪಕ್ಕದಲ್ಲೇ ಇರೋದು. ರಿಗ್ಸ್ ಪಾಠ ಮಾಡುತ್ತಿದ್ದದ್ದು ಅಲ್ಲಿನ ಯೂನಿವರ್ಸಿಟಿಯ ಪತ್ರಿಕೋದ್ಯಮ ವಿಭಾಗದಲ್ಲಿ. ಇಲ್ಲಿ ವಯಸ್ಸಾದ ಸಿನಿಮಾದವರಿಗೆ ಅವರ ಹೆಸರು ಹೇಳಿದರೆ ಮೊದಲು ನೆನಪಾಗೋದು 1989ರ ‘ಟಂಗ್ಸ್ ಅನ್‌ಟೈಡ್’. ಬ್ಲ್ಯಾಕ್ ಸಲಿಂಗಿ ಗಂಡಸರ ಬಗ್ಗೆ, ಅವರದೇ ಬಾಯಲ್ಲಿ, ಪದ್ಯ ಕುಣಿತ ಎಲ್ಲ ಸೇರಿಸಿ ಮಾಡಿದ್ದು. 1991ರಲ್ಲಿ ಸಾರ್ವಜನಿಕ ಟಿವಿಯಲ್ಲಿ ಹಾಕಿದಾಗ ದೊಡ್ಡ ಗಲಾಟೆ. ಎಷ್ಟೋ ಊರಿನ ಕೇಂದ್ರಗಳು ಪ್ರಸಾರ ಮಾಡೋದೇ ಇಲ್ಲ ಅಂದವು. ರಿಗ್ಸ್‌ಗೆ ಸರ್ಕಾರದ ಕಲಾ ನಿಧಿಯಿಂದ ಸಿಕ್ಕಿದ್ದು 5000 ಡಾಲರ್. ಅಷ್ಟಕ್ಕೇ ‘ನಮ್ಮ ತೆರಿಗೆ ದುಡ್ಡು’ ಅಂತ ಕೂಗು. 1992ರ ಚುನಾವಣೆಯಲ್ಲಿ ಅಧ್ಯಕ್ಷ ಬುಷ್ ಪಕ್ಷದವರೇ ಆದ ಪ್ಯಾಟ್ ಬುಕಾನನ್ ಅದರ ತುಣುಕು ತೆಗೆದು ಬುಷ್ ವಿರುದ್ಧದ ಜಾಹೀರಾತಿಗೇ ಹಾಕಿಕೊಂಡರು.

ನೀವು ತೋರಿಸುತ್ತಿರೋದು ಇಷ್ಟೆಲ್ಲ ಆದ ಮೇಲೆ ಮಾಡಿದ ಸಿನಿಮಾ. ಹೊರಗಿನವರ ಏಟು ತಿಂದಾಗಿತ್ತು. ಇದರಲ್ಲಿ ತಿರುಗಿ ತನ್ನ ಮನೆಯವರ ಜೊತೆ ಜಗಳಕ್ಕೆ ಕೂತಿದ್ದಾರೆ. ಅದನ್ನು ಶುರುವಿನಲ್ಲಿ ಎರಡು ಮಾತಲ್ಲಿ ಹೇಳಿದರೆ ಒಳ್ಳೇದು.

ಹಳೇಪೇಟೆ

ಒಂದು ಮಾತು ಕೇಳ್ತೀನಿ, ತಪ್ಪು ತಿಳಿಯಬೇಡಿ. ನಮ್ಮ ಜನಕ್ಕೆ ಮಾರ್ಟಿನ್ ಲೂಥರ್ ಕಿಂಗ್ ಚಳವಳಿಯೇ ಸರಿಯಾಗಿ ಗೊತ್ತಿಲ್ಲ. ಹಾಗಿರುವಾಗ ಒಳಜಗಳದ ಸಿನಿಮಾ ಮೊದಲು ತೋರಿಸೋದು ಯಾವ ನ್ಯಾಯ? ಮೊದಲು ಆ ಚಳವಳಿ ಬಗ್ಗೆ ಹೆನ್ರಿ ಹ್ಯಾಂಪ್ಟನ್ ತಂಡ ಮಾಡಿದ ಟಿವಿ ಸರಣಿ ‘ಐಸ್ ಆನ್ ದ ಪ್ರೈಜ್’ ತೋರಿಸಿ. 1987ರಲ್ಲಿ ಆರು ಭಾಗ, 1990ರಲ್ಲಿ ಎಂಟು. ಒಟ್ಟು ಹದಿನಾಲ್ಕು ಗಂಟೆ. ಅಡಿಪಾಯ ಹಾಕದೆ ಮಹಡಿ ಕಟ್ಟಿದ ಹಾಗಾಗಬಾರದು.

ಬೇ ಏರಿಯಾ ಬಸವ

ಹದಿನಾಲ್ಕು ಗಂಟೆ ಅಂದರೆ ಅವರ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ವರ್ಷದ ಶನಿವಾರ ಸಾರ್ 🙂 ಆ ಸರಣಿಗೂ ಒಂದು ಕಥೆ ಇದೆ. ಸುದ್ದಿ ಚಿತ್ರಗಳು, ಫೋಟೋಗಳು, ಹಾಡುಗಳು, ಎಲ್ಲಕ್ಕೂ ಹಕ್ಕು ಪಡೆದದ್ದು ಕೆಲವು ವರ್ಷಗಳಿಗೆ ಮಾತ್ರ. ಅವಧಿ ಮುಗಿಯಿತು, ತೊಂಬತ್ತರ ದಶಕದ ಕೊನೆಗೆ ಬರುವಷ್ಟರಲ್ಲಿ ಪ್ರಸಾರವೂ ಇಲ್ಲ, ಹೊಸ ಕ್ಯಾಸೆಟ್ಟೂ ಇಲ್ಲ. ಕಿಂಗ್ ಅವರಿಗೆ ಜೊತೆಯವರು ಹುಟ್ಟುಹಬ್ಬದ ಹಾಡು ಹೇಳುವ ಒಂದು ದೃಶ್ಯ ಇದೆ, ಆ ಹಾಡಿಗೂ ಆಗ ಹಕ್ಕು ಕಟ್ಟಬೇಕಿತ್ತು! ಮತ್ತೆ ಟಿವಿಗೆ ಬಂದಿದ್ದು 2006ರಲ್ಲಿ, ದೊಡ್ಡ ದೇಣಿಗೆ ಸಿಕ್ಕ ಮೇಲೆ. ತಮ್ಮ ಚರಿತ್ರೆಯ ಚಿತ್ರಗಳನ್ನು ತಾವೇ ಬಾಡಿಗೆಗೆ ತರಬೇಕಾದ ಪರಿಸ್ಥಿತಿ.

ಒಗ್ಗರಣೆ ಡಬ್ಬಿ

@ಹಳೇಪೇಟೆ ಸಾರ್, ‘ಮೊದಲು ಹೋರಾಟ, ಒಳಗಿನ ಮಾತು ಆಮೇಲೆ’ ಅನ್ನೋದನ್ನೇ ರಿಗ್ಸ್ ಪ್ರಶ್ನೆ ಮಾಡೋದು. ಆ ‘ಆಮೇಲೆ’ ಬರೋದೇ ಇಲ್ಲ.

ಬೇಕಿದ್ದರೆ 2016ರ ‘ಐ ಆಮ್ ನಾಟ್ ಯುವರ್ ನೀಗ್ರೋ’ ನೋಡಿ. ಬ್ಲ್ಯಾಕ್ ಲೇಖಕ ಜೇಮ್ಸ್ ಬಾಲ್ಡ್‌ವಿನ್ ಬರೆಯೋಕೆ ಶುರು ಮಾಡಿ ಸುಮಾರು ಮೂವತ್ತು ಪುಟಕ್ಕೇ ನಿಲ್ಲಿಸಿದ್ದ ಪುಸ್ತಕ ಇಟ್ಟುಕೊಂಡು ರಾವುಲ್ ಪೆಕ್ ಮಾಡಿದ್ದು. ಎಷ್ಟು ಚೆನ್ನಾಗಿದೆ ಅಂದರೆ ನಾನು ಮೂರು ಸಲ ನೋಡಿದ್ದೇನೆ. ಆದರೆ ಬಾಲ್ಡ್‌ವಿನ್ ಸಲಿಂಗಿ ಅನ್ನೋ ವಿಷಯ ಅದರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಗುಪ್ತಚರರ ಕಡತದ ಒಂದು ಸಾಲು ಬಂದು ಹೋಗುತ್ತೆ, ಅಷ್ಟೇ. ಅದಕ್ಕೂ ಇಪ್ಪತ್ತೆರಡು ವರ್ಷ ಮೊದಲೇ ರಿಗ್ಸ್ ಹೇಳಿದ್ದು ಇದನ್ನೇ ಅಲ್ವಾ?

ಹಳೇಪೇಟೆ

ಪೆಕ್ ತೆಗೆದುಕೊಂಡದ್ದು ಮೆಡ್ಗರ್ ಎವರ್ಸ್, ಮಾಲ್ಕಂ ಎಕ್ಸ್, ಕಿಂಗ್, ಕೊಲೆಯಾದ ಈ ಮೂವರು ಹೋರಾಟಗಾರರ ಕಥೆ. ಎಲ್ಲ ಸಿನಿಮಾದಲ್ಲೂ ಎಲ್ಲವೂ ಇರಬೇಕು ಅಂದರೆ ಅದು ಸಿನಿಮಾ ಅಲ್ಲ, ಮದುವೆ ಮನೆ ಸಾಮಾನಿನ ಪಟ್ಟಿ.

ಒಗ್ಗರಣೆ ಡಬ್ಬಿ

ಪಟ್ಟಿಯಿಂದ ಯಾವಾಗಲೂ ಅದೇ ಸಾಮಾನು ಬಿಟ್ಟುಹೋದರೆ ಅನುಮಾನ ಬರಲ್ವಾ ಸಾರ್?

ಸಂಜೆಮಳೆ

ಜಗಳದ ಮಧ್ಯೆ ಒಂದು ಸಂತೋಷದ ಸಿನಿಮಾ ಹೇಳ್ತೀನಿ. ‘ಸಮ್ಮರ್ ಆಫ್ ಸೋಲ್’, 2021. 1969ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಪಾರ್ಕಿನಲ್ಲಿ ಆರು ಭಾನುವಾರ ನಡೆದ ಸಂಗೀತ ಉತ್ಸವ. ಬಂದವರು ಸುಮಾರು 3 ಲಕ್ಷ. ಸುಮಾರು 40 ಗಂಟೆಯ ಚಿತ್ರೀಕರಣ ಐವತ್ತು ವರ್ಷ ಒಂದು ನೆಲಮಾಳಿಗೆಯಲ್ಲಿ ಬಿದ್ದಿತ್ತು.

ಅದರಲ್ಲಿ ಒಂದು ಜಾಗ. ಫಿಫ್ತ್ ಡೈಮೆನ್ಷನ್ ಅನ್ನೋ ತಂಡ. ಕಿತ್ತಳೆ-ಹಳದಿ ಬಟ್ಟೆ ಹಾಕಿಕೊಂಡು ಹಾಡಿದ್ದಾರೆ. ಐವತ್ತು ವರ್ಷ ಆದ ಮೇಲೆ ಆ ದೃಶ್ಯವನ್ನು ತಂಡದ ಹಾಡುಗಾರ್ತಿ ಮರಿಲಿನ್ ಮಕೂಗೆ ತೋರಿಸುತ್ತಾರೆ. ಮುಖದ ಮೇಲೆ ಪರದೆಯ ಬೆಳಕು. ನೋಡ್ತಾ ನೋಡ್ತಾ ಗಂಟಲು ಕಟ್ಟುತ್ತೆ ಅವರಿಗೆ. ಯಾಕೆ ಗೊತ್ತಾ? ಆಗ ಎಲ್ಲರೂ ಇವರನ್ನು ‘ನಿಮ್ಮ ಹಾಡು ಬ್ಲ್ಯಾಕ್ ಥರ ಕೇಳಲ್ಲ’ ಅನ್ನುತ್ತಿದ್ದರಂತೆ. ದನಿಗೆ ಬಣ್ಣ ಕೊಡೋದು! ಹಾರ್ಲೆಮ್‌ನಲ್ಲಿ ಹಾಡಿದ್ದು ಅವರಿಗೆ ಅಷ್ಟು ದೊಡ್ಡದಾಗಿ ಕಂಡದ್ದು ಅದಕ್ಕೇ, ನಮ್ಮವರು ನಮ್ಮನ್ನು ಒಪ್ಪಿಕೊಂಡರು ಅಂತ.

ಅದೇ ವೇದಿಕೆಯಲ್ಲಿ ಕ್ಯೂಬಾದ ಮೊಂಗೊ ಸಂತಮರಿಯಾ ಡೋಲು ಬಾರಿಸುತ್ತಾರೆ, ಮಹಾಲಿಯಾ ಜಾಕ್ಸನ್ ಚರ್ಚಿನ ಹಾಡು ಹೇಳುತ್ತಾರೆ, ನೀನಾ ಸಿಮೋನ್ ಬಂದು ಬೆಂಕಿ ಹಚ್ಚುತ್ತಾರೆ. ಯಾರೂ ಭಾಷಣ ಮಾಡಿ ‘ವೈವಿಧ್ಯ’ ಅನ್ನಬೇಕಾಗಿಲ್ಲ.

ರೀಲುರಾಜ

ಇದನ್ನು ತೋರಿಸಿ, ಮಳೆ ಬಂದರೂ ಜನ ಬರ್ತಾರೆ.

ಲೆಸ್ಟರ್ ಲತಾ

ನಾನು ಇಂಗ್ಲೆಂಡಿನಿಂದ. ಇಲ್ಲಿ ಎಲ್ಲರೂ ಬ್ಲ್ಯಾಕ್ ಅಂದರೆ ಅಮೆರಿಕ ಅಂದುಕೊಂಡ ಹಾಗಿದೆ. ನಿಮಗೆ ಒಂದು ಆಶ್ಚರ್ಯದ ವಿಷಯ ಹೇಳಲಾ? 1970-80ರ ದಶಕದಲ್ಲಿ ಇಲ್ಲಿ ಭಾರತೀಯರೂ ಎಷ್ಟೋ ಜನ ತಮ್ಮನ್ನು ಬ್ಲ್ಯಾಕ್ ಅಂತಲೇ ಕರೆದುಕೊಳ್ಳುತ್ತಿದ್ದರು. 1979ರಲ್ಲಿ ಶುರುವಾದ ‘ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್’ ಕಟ್ಟಿದವರು ಏಷ್ಯನ್ ಮತ್ತು ಆಫ್ರಿಕನ್-ಕೆರಿಬಿಯನ್ ಹೆಂಗಸರು ಸೇರಿ. ಇವತ್ತೂ ಹೆಸರು ಹಾಗೇ ಇದೆ.

ಹಳೇಪೇಟೆ

ನಂಬೋಕೆ ಕಷ್ಟ. ನಮ್ಮವರಾ? ಮ್ಯಾಟ್ರಿಮೊನಿಯಲ್ಲಿ ‘ಗೋಧಿ ಬಣ್ಣ’ ಅಂತ ಹಾಕುವವರು ಬ್ಲ್ಯಾಕ್ ಅಂತ ಬರೆದುಕೊಂಡರಾ?

ಲೆಸ್ಟರ್ ಲತಾ

ಎಲ್ಲರೂ ಅಲ್ಲ ಅಣ್ಣ. ಕಾರ್ಖಾನೆ ಸಂಘ, ಬೀದಿ ಹೋರಾಟದಲ್ಲಿದ್ದವರು. ನಮ್ಮ ಮಾವನ ಹತ್ತಿರ ಹೇಳಿ ನೋಡಿ, ಕಾಫಿ ಲೋಟ ಕೆಳಗಿಡುತ್ತಾರೆ!

ಜಾನ್ ಅಕಾಂಫ್ರಾ ಅವರ ‘ಹ್ಯಾಂಡ್ಸ್‌ವರ್ತ್ ಸಾಂಗ್ಸ್’ (1986) ಸಿಕ್ಕರೆ ನೋಡಿ. ಅಕಾಂಫ್ರಾ ಹುಟ್ಟಿದ್ದು ಘಾನಾದಲ್ಲಿ, ಬೆಳೆದದ್ದು ಲಂಡನ್ನಿನಲ್ಲಿ. ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತ್‌ನಲ್ಲಿ 1985ರಲ್ಲಿ ಆದ ಗಲಭೆಯ ಮೇಲೆ ಮಾಡಿದ್ದು. ಅಲ್ಲಿ ಜಮೈಕಾ ಕಡೆಯವರೂ ಇದ್ದರು, ಪಂಜಾಬಿಗಳೂ ಇದ್ದರು. ಅಂಚೆ ಕಚೇರಿಗೆ ಬಿದ್ದ ಬೆಂಕಿಯಲ್ಲಿ ಇಬ್ಬರು ಏಷ್ಯನ್ ಅಣ್ಣತಮ್ಮಂದಿರು ಸತ್ತರು. ‘ನಾವೆಲ್ಲ ಬ್ಲ್ಯಾಕ್’ ಅನ್ನೋ ಮಾತಿಗೆ ಅಲ್ಲೇ ಬಿರುಕು ಕಾಣುತ್ತೆ. ಸಿನಿಮಾ ಗಲಭೆ ಯಾಕಾಯಿತು ಅಂತ ನೇರ ಉತ್ತರ ಕೊಡಲ್ಲ. ಹಳೆಯ ಸುದ್ದಿ ತುಣುಕು, ಹಡಗಿನಿಂದ ಇಳಿಯುವ ಜನ, ಮದುವೆ, ಕುಣಿತ, ಹೀಗೆ ಪೋಣಿಸುತ್ತಾ ಹೋಗುತ್ತೆ. ಸಲ್ಮಾನ್ ರಶ್ದಿ 1987ರಲ್ಲಿ ಪೇಪರಿನಲ್ಲಿ ಬರೆದು ಬೈದರು. ಇಲ್ಲಿಯ ಚಿಂತಕ ಸ್ಟುವರ್ಟ್ ಹಾಲ್ ಅದಕ್ಕೆ ಉತ್ತರ ಬರೆದರು, ಇವರಿಗೆ ಹೊಸ ಭಾಷೆ ಬೇಕಿತ್ತು, ಅದನ್ನು ಹುಡುಕುತ್ತಿದ್ದಾರೆ ಅಂತ. ನನಗೆ ಮೊದಲ ಸಲ ಅರ್ಧ ತಲೆಗೆ ಹೋಗಲಿಲ್ಲ, ಸುಳ್ಳು ಹೇಳಲ್ಲ.

ಬೀದಿದೀಪ

ಇಷ್ಟು ಹೊತ್ತು ಯಾರೂ ಹೇಳಲಿಲ್ಲ, ನಾನೇ ಹೇಳ್ತೀನಿ. ಇದು ಪೂರ್ತಿ ನಮ್ಮ ದಲಿತರ ಕಥೆಯೇ. 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಬ್ಲ್ಯಾಕ್ ಚಿಂತಕ ಡಬ್ಲ್ಯೂ.ಇ.ಬಿ. ಡುಬಾಯ್ಸ್‌ಗೆ ಕಾಗದ ಬರೆದಿದ್ದಾರೆ, ಎರಡೂ ಕಡೆಯ ಸ್ಥಿತಿ ಒಂದೇ ಥರ ಇದೆ ಅಂತ. 1972ರ ದಲಿತ ಪ್ಯಾಂಥರ್ಸ್ ಹೆಸರೇ ಅಲ್ಲಿಯ ‘ಬ್ಲ್ಯಾಕ್ ಪ್ಯಾಂಥರ್’ ಪಕ್ಷದಿಂದ ಬಂದದ್ದು. ‘ಬ್ಲ್ಯಾಕ್’ ಜಾಗದಲ್ಲಿ ‘ದಲಿತ’ ಅಂತ ಓದಿಕೊಂಡರೆ ನಿಮ್ಮ ಹಾಲಿನಲ್ಲಿ ಕೂತವರಿಗೆ ಬೇರೆ ವಿವರಣೆ ಬೇಡ.

ಒಗ್ಗರಣೆ ಡಬ್ಬಿ

ಹೋಲಿಕೆ ಇದೆ, ಒಪ್ಪಿದೆ. ‘ಪೂರ್ತಿ ಅದೇ’ ಅನ್ನೋದು ಒಪ್ಪಲ್ಲ. ಜಾತಿ ಮುಖದ ಮೇಲೆ ಕಾಣಲ್ಲ, ಹೆಸರು ಕೇಳಿ, ಊರು ಕೇಳಿ, ಮನೆ ಎಲ್ಲಿ ಅಂತ ಕೇಳಿ ಪತ್ತೆ ಮಾಡುತ್ತಾರೆ. ಅಲ್ಲಿ ಹಡಗಿನಲ್ಲಿ ತುಂಬಿಕೊಂಡು ಬಂದು ಭಾಷೆ, ದೇವರು, ಹೆಸರು ಎಲ್ಲ ಕಿತ್ತುಕೊಂಡರು. ಹೋಲಿಸೋಣ, ಆದರೆ ಒಂದನ್ನು ಇನ್ನೊಂದರ ಚೀಲಕ್ಕೆ ತುಂಬೋದು ಬೇಡ.

ಬೀದಿದೀಪ

ನಾನು ತುಂಬಲಿಲ್ಲ ಅಕ್ಕ. ನಮ್ಮಲ್ಲೂ ಅದೇ ಒಳಜಗಳ ಇದೆ ಅಂದೆ. ಎಡಗೈ, ಬಲಗೈ, ಕ್ರೈಸ್ತರಾದವರು, ಬೌದ್ಧರಾದವರು, ಹಳ್ಳಿಯಲ್ಲಿ ಉಳಿದವರು, ಬೆಂಗಳೂರಲ್ಲಿ ಕೆಲಸ ಹಿಡಿದವರು. ಯಾರು ‘ನಿಜವಾದ ದಲಿತ’ ಅನ್ನೋ ಮಾತು ಸಭೆಯಲ್ಲಿ ಕೇಳಿ ಕೇಳಿ ಸಾಕಾಗಿದೆ. ರಿಗ್ಸ್ ಹೆಸರು ಇವತ್ತೇ ಕೇಳಿದ್ದು, ಆದರೆ ಆ ಮನುಷ್ಯ ಗೊತ್ತು ಅನಿಸ್ತು.

ಒಗ್ಗರಣೆ ಡಬ್ಬಿ

ಹಾಗಾದರೆ ನನ್ನ ಮಾತು ವಾಪಸ್. ಈಗ ನೀವು ಹೇಳಿದ್ದು ಸಿನಿಮಾಗೆ ಹತ್ತಿರ ಇದೆ.

ಕಾಳಿಕಣಿವೆ

ನಮಸ್ಕಾರ. ಎರಡು ವರ್ಷದಿಂದ ಸುಮ್ನೆ ಓದುತ್ತಿದ್ದೆ, ಇವತ್ತೇ ಬರೆಯುತ್ತಿರೋದು. ನಾನು ಸಿದ್ದಿ. ಯಲ್ಲಾಪುರ ಕಡೆಯವನು.

ಬೆಂಗಳೂರಿನಲ್ಲಿ ಆಟೊ ಹತ್ತಿದರೆ ನನ್ನ ಜೊತೆ ಇಂಗ್ಲಿಷ್. ‘ಅಣ್ಣ, ಮೆಜೆಸ್ಟಿಕ್‌ಗೆ ಎಷ್ಟು’ ಅಂದರೆ ಹಿಂದೆ ತಿರುಗಿ ನೋಡುತ್ತಾರೆ. ‘ಕನ್ನಡ ಎಷ್ಟು ಚೆನ್ನಾಗಿ ಕಲಿತಿದ್ದೀರ, ಯಾವ ದೇಶ?’ ಉತ್ತರ ಕನ್ನಡ ಅಂದರೆ ನಗುತ್ತಾರೆ, ತಮಾಷೆ ಅಂದುಕೊಂಡು. ಬಾಡಿಗೆ ಮನೆ ಫೋನಿನಲ್ಲಿ ಸಿಗುತ್ತೆ, ಎದುರಿಗೆ ಹೋದಾಗ ‘ಈಗ ತಾನೇ ಬೇರೆಯವರಿಗೆ ಕೊಟ್ವಿ’.

ನಾನು ಬ್ಲ್ಯಾಕಾ? ಗೊತ್ತಿಲ್ಲ. ನಮ್ಮ ಅಜ್ಜಿ ಆ ಪದವೇ ಕೇಳಿರಲಿಲ್ಲ. ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದವರು ತಪ್ಪಿಸಿಕೊಂಡು ಕಾಡು ಸೇರಿದರು ಅಂತ ಪುಸ್ತಕ ಹೇಳುತ್ತೆ. ಮನೆಯಲ್ಲಿ ಯಾರೂ ಆ ಕಥೆ ಹೇಳಿದ್ದು ನೆನಪಿಲ್ಲ. ನಮ್ಮಲ್ಲೇ ಹಿಂದೂ ಸಿದ್ದಿ, ಮುಸ್ಲಿಂ ಸಿದ್ದಿ, ಕ್ರಿಶ್ಚಿಯನ್ ಸಿದ್ದಿ ಇದ್ದಾರೆ. ಮನೆ ಮಾತು ಕೊಂಕಣಿ ಥರದ್ದು, ಮುಸ್ಲಿಮರದ್ದು ಉರ್ದು, ಶಾಲೆಯದ್ದು ಕನ್ನಡ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದರು. ಸರ್ಟಿಫಿಕೇಟ್ ಮೇಲೆ ನಾವೆಲ್ಲ ಒಂದೇ, ಸಾವಿಗೆ ಮದುವೆಗೆ ಬೇರೆ ಬೇರೆ.

ಕ್ಯಾಮೆರಾ ವಿಷಯ ಬಂತಲ್ಲ, ಅದಕ್ಕೇ ಬರೆದೆ. ನಮ್ಮ ಕಡೆ ಡಾಕ್ಯುಮೆಂಟರಿ ಮಾಡುವವರು ವರ್ಷಕ್ಕೆ ಇಬ್ಬರಾದರೂ ಬರುತ್ತಾರೆ. ಬಂದವರು ಮೊದಲು ಕೇಳೋದು ಡಮಾಮಿ ಕುಣಿತ. ಎರಡನೇದು ಹೆಂಗಸರ ಕೌದಿ. ಮೂರನೇದು ಮಕ್ಕಳ ಕೂದಲಿಗೆ ಹತ್ತಿರ ಕ್ಯಾಮೆರಾ. ಒಂದು ಸಲ ನಮ್ಮ ಚಿಕ್ಕಪ್ಪ ಗದ್ದೆಯಿಂದ ಬಂದವರು ಪ್ಯಾಂಟು ಶರ್ಟು ಹಾಕಿದ್ದರು. ‘ಸ್ವಲ್ಪ ನಿಮ್ಮ ಸಾಂಪ್ರದಾಯಿಕ ಬಟ್ಟೆ ಹಾಕ್ತೀರಾ’ ಅಂತ ಕೇಳಿದರು. ಚಿಕ್ಕಪ್ಪ ಹೇಳಿದರು, ‘ಇದೇ ಸ್ವಾಮಿ, ಶಿರಸಿ ಸಂತೆಯದ್ದು’.

ರೀಲುರಾಜ

‘ಶಿರಸಿ ಸಂತೆಯದ್ದು’ 😂 ಚಿಕ್ಕಪ್ಪನಿಗೆ ನಮಸ್ಕಾರ ತಿಳಿಸಿ.

ತುಂಗಾತೀರ

ಅಣ್ಣ, ಬರೆದದ್ದು ಒಳ್ಳೇದಾಯಿತು. ಒಂದು ಕೇಳಲಾ? ಪ್ರದರ್ಶನ ಆದ ಮೇಲೆ ನೀವು ಬಂದು ಸಿದ್ದಿಗಳ ಬಗ್ಗೆ ಹತ್ತು ನಿಮಿಷ ಮಾತಾಡಬಹುದಾ? ಬಸ್ ಖರ್ಚು ನಮ್ಮದು. ಆಗುವ ಹಾಗಿದ್ದರೆ ಒಂದು ಡಮಾಮಿ ತಂಡ...

ಕಾಳಿಕಣಿವೆ

ನೋಡಿ, ಬಂತು 🙂

ತುಂಗಾತೀರ

ಅಯ್ಯೋ. ಬರೆದು ಕಳಿಸಿದ ಮೇಲೆ ಹೊಳೀತು. ಕ್ಷಮಿಸಿ.

ಕಾಳಿಕಣಿವೆ

ಪರವಾಗಿಲ್ಲ ಬಿಡಿ. ಬರ್ತೀನಿ. ಆದರೆ ಸಿನಿಮಾ ನೋಡಿ ಸಿನಿಮಾ ಬಗ್ಗೆ ಮಾತಾಡ್ತೀನಿ. ಕುಣಿತ ನನಗೆ ಬರಲ್ಲ, ವಾಲಿಬಾಲ್ ಬರುತ್ತೆ.

ಬೇ ಏರಿಯಾ ಬಸವ

@ಕಾಳಿಕಣಿವೆ ನೀವು ಹೇಳಿದ್ದಕ್ಕೆ ಸರಿಹೋಗುವ ಸಿನಿಮಾ ಒಂದಿದೆ. ರಮೆಲ್ ರಾಸ್ ಅವರ ‘ಹೇಲ್ ಕೌಂಟಿ ದಿಸ್ ಮಾರ್ನಿಂಗ್, ದಿಸ್ ಈವ್ನಿಂಗ್’, 2018. ರಾಸ್ ಅಲಬಾಮಾದ ಆ ಊರಿಗೆ 2009ರಲ್ಲಿ ಹೋದದ್ದು ಸಿನಿಮಾ ಮಾಡೋಕಲ್ಲ, ಹುಡುಗರಿಗೆ ಬ್ಯಾಸ್ಕೆಟ್‌ಬಾಲ್, ಫೋಟೋಗ್ರಫಿ ಹೇಳಿಕೊಡೋಕೆ. ಆಮೇಲೆ ವರ್ಷಗಟ್ಟಲೆ ತೆಗೆದದ್ದು 1300 ಗಂಟೆ, ಉಳಿಸಿಕೊಂಡದ್ದು 76 ನಿಮಿಷ. ಒಂದು ಪುಟ್ಟ ಮಗು ಮನೆಯೊಳಗೆ ಕ್ಯಾಮೆರಾ ಕಡೆ ಓಡಿ ಬರುತ್ತೆ, ವಾಪಸ್ ಓಡುತ್ತೆ, ಮತ್ತೆ ಬರುತ್ತೆ. ಅಷ್ಟೇ, ನಿಮಿಷಗಟ್ಟಲೆ. ಹುಡುಗನ ಶರ್ಟಿನ ಮೇಲೆ ಬೆವರು, ಟೈರು ಸುಡುವ ಹೊಗೆಯಲ್ಲಿ ಬಿಸಿಲು ಕೋಲಾಗಿ ಇಳಿಯೋದು. ಬಂದೂಕಿಲ್ಲ, ಪೊಲೀಸ್ ಬೆನ್ನಟ್ಟಲ್ಲ.

ಹಳೇಪೇಟೆ

76 ನಿಮಿಷ ಮಗು ಓಡೋದು ನೋಡಬೇಕಾ?

ಸಂಜೆಮಳೆ

ಸಾರ್, ನೀವು ಮೊಮ್ಮಗಳ ವಿಡಿಯೋ ವಾಟ್ಸಾಪ್ ಸ್ಟೇಟಸ್‌ಗೆ ದಿನಾ ಹಾಕಲ್ವಾ?

ಹಳೇಪೇಟೆ

ಅದು ಬೇರೆ.

ತುಂಗಾತೀರ

ಇನ್ನೊಂದು ಪದಕ್ಕೆ ಸಹಾಯ ಬೇಕು. ರಿಗ್ಸ್ ಸಿನಿಮಾದಲ್ಲಿ ಬ್ಲ್ಯಾಕ್ ಲೇಖಕಿ ಬೆಲ್ ಹುಕ್ಸ್ ಹೇಳುತ್ತಾರೆ, ಬ್ಲ್ಯಾಕ್ ‘ಯೂನಿಟಿ’ ಅನ್ನೋದು ಬಿಡೋಣ, ‘ಕಮ್ಯೂನಿಯನ್’ ಅನ್ನೋಣ ಅಂತ. ಮೊದಲನೇದು ಒಗ್ಗಟ್ಟು, ಸರಿ. ಎರಡನೇದಕ್ಕೆ? ಚರ್ಚಿನಲ್ಲಿ ರೊಟ್ಟಿ ಹಂಚಿಕೊಳ್ಳೋದೂ ಅದೇ ಪದ. ಒಬ್ಬರ ಮಾತು ಒಬ್ಬರು ಕೇಳೋಕೆ ಸಿದ್ಧ ಇರೋದು ಅನ್ನೋ ಅರ್ಥದಲ್ಲಿ ಬಳಸುತ್ತಾರೆ. ‘ಸಹಪಂಕ್ತಿ’ ಹಾಕಲಾ?

ಬೀದಿದೀಪ

ಪಂಕ್ತಿ ಬೇಡವೇ ಬೇಡ. ನಮ್ಮಲ್ಲಿ ಆ ಪದ ಕೇಳಿದರೆ ಮೊದಲು ನೆನಪಾಗೋದು ಯಾರನ್ನು ಎಬ್ಬಿಸಿ ಕಳಿಸಿದರು ಅನ್ನೋದು.

ಲೆಸ್ಟರ್ ಲತಾ

‘ಒಡನಾಟ’? ಒಗ್ಗಟ್ಟು ಬೇಡ, ಒಡನಾಟ ಇರಲಿ. ಎರಡೂ ‘ಒ’. ಜಾಗವೂ ಕಮ್ಮಿ.

ತುಂಗಾತೀರ

ಲತಾ ಅಕ್ಕ!! ಎರಡು ದಿನದಿಂದ ತಲೆ ಕೆಡಿಸಿಕೊಂಡಿದ್ದೆ. ಹಾಕಿದೆ.

ರೀಲುರಾಜ

ಗಂಬೊ ಬಗ್ಗೆ ಯಾರೂ ಕೇಳಲಿಲ್ಲ. ಸಿನಿಮಾ ಪೂರ್ತಿ ಒಂದು ಪಾತ್ರೆ ಕುದಿಯುತ್ತಾ ಇರುತ್ತಲ್ಲ? ಟ್ರೇಲರ್ ನೋಡಿ ಹಸಿವಾಯಿತು. ಅದಕ್ಕೆ ‘ಬಿಸಿಬೇಳೆ ಬಾತ್’ ಹಾಕಿ.

ಒಗ್ಗರಣೆ ಡಬ್ಬಿ

ಹಾಗೆಲ್ಲ ಹಾಕಬೇಡಿ! ಗಂಬೊ ರಿಗ್ಸ್ ಅಜ್ಜಿಯ ಅಡುಗೆ. ಹಿಟ್ಟನ್ನು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಂದು ಬಣ್ಣ ಬರುವ ತನಕ ಕೈಬಿಡದೆ ಕೆದಕಬೇಕು. ಆಮೇಲೆ ಈರುಳ್ಳಿ, ಸಿಗಡಿ, ಏಡಿ, ಸಾಸೇಜು, ಮನೆಯಲ್ಲಿ ಏನಿದೆಯೋ ಅದು. ಒಂದೇ ಪಾತ್ರೆ, ಆದರೆ ಏಡಿ ಏಡಿಯಾಗೇ ಇರುತ್ತೆ. ಅದನ್ನೇ ರಿಗ್ಸ್ ತನ್ನ ಜನಕ್ಕೆ ಹೋಲಿಸೋದು. ಬಿಸಿಬೇಳೆಯಲ್ಲಿ ಎಲ್ಲ ಕರಗಿ ಒಂದಾಗುತ್ತೆ, ಅರ್ಥ ತಿರುಗುಮುರುಗು.

ಗಂಬೊ ಅನ್ನೋ ಹೆಸರು ಬಂದದ್ದು ಆಫ್ರಿಕಾದ ಬಂಟು ಭಾಷೆಗಳಲ್ಲಿ ಬೆಂಡೆಕಾಯಿಗೆ ಇರುವ ಪದದಿಂದ ಅನ್ನುತ್ತಾರೆ.

ಸಂಜೆಮಳೆ

ಬೆಂಡೆಕಾಯಿ! ಹಾಗಾದರೆ ಲೋಳೆ ಬಿಡಲ್ವಾ?

ಒಗ್ಗರಣೆ ಡಬ್ಬಿ

ಲೋಳೆಯೇ ಬೇಕು ಅವರಿಗೆ. ಸಾರು ಗಟ್ಟಿಯಾಗೋದು ಅದರಿಂದಲೂ. ನಾವು ಹುಳಿ ಹಾಕಿ ಕೊಲ್ಲುತ್ತೇವೆ.

ಕಾಳಿಕಣಿವೆ

ನಮ್ಮಮ್ಮ ಒಣ ಸಿಗಡಿ ಹಾಕಿ ಬೆಂಡೆಕಾಯಿ ಮಾಡುತ್ತಾರೆ. ಆಫ್ರಿಕಾದ್ದೋ ಕೊಂಕಣದ್ದೋ ಅಂತ ಈಗ ಕೇಳಿದರೆ ‘ಮೊದಲು ತಿನ್ನು’ ಅನ್ನುತ್ತಾರೆ.

ತುಂಗಾತೀರ

ಇಲ್ಲಿಯ ತನಕದ ತೀರ್ಮಾನ: ಗುರುತಿನ ಅರ್ಥ ಬಂದ ಕಡೆ ‘ಬ್ಲ್ಯಾಕ್’, ಮೈಬಣ್ಣದ ಮಾತಿಗೆ ‘ಕಪ್ಪು’. ಎರಡೂ ಒಂದೇ ಪದ ಅಂತ ಶುರುವಿನಲ್ಲಿ ಒಂದು ಕಾರ್ಡು. ಗಂಬೊ ಗಂಬೊ ಆಗಿಯೇ ಇರುತ್ತೆ. ಶೀರ್ಷಿಕೆಗೆ ‘ಬ್ಲ್ಯಾಕ್ ಅಂದ್ರೆ ಇದು... ಬ್ಲ್ಯಾಕ್ ಅಂದ್ರೆ ಇದಲ್ಲ’. ಉದ್ದ ಆಯಿತು, ಎರಡು ಸಾಲಿಗೆ ಮುರಿದಿದ್ದೇನೆ. ಮುಂದಿನ ತಿಂಗಳು ‘ಸಮ್ಮರ್ ಆಫ್ ಸೋಲ್’, ಹಳೇಪೇಟೆ ಸಾರ್ ಒಪ್ಪಿದರೆ.

ಹಳೇಪೇಟೆ

ಒಪ್ಪಿದೆ. ಆ ಮಗು ಓಡುವ ಸಿನಿಮಾ ಎಲ್ಲಿ ಸಿಗುತ್ತೆ? ಸುಮ್ನೆ ಕೇಳಿದೆ.